ಕೋಳಿ ಪಾಠಕ್ಕೆ ಹೋದ ಮೀಸೆ

ಮನುಷ್ಯನಿಗೆ ಹೆದರಿಕೆ ಯಾವ ದಿಕ್ಕಿನಿಂದ ಬರುತ್ತದೆಂದು ಮೊದಲೇ ಹೇಳಲಾಗುವುದಿಲ್ಲ. ಲೋಡು ತುಂಬಿದ ಗಾಡಿಯನ್ನು, ಬ್ರೇಕು ಸರಿಯಾಗಿ ಹಿಡಿಯದ ಹೊತ್ತಿನಲ್ಲೂ, ಘಾಟಿ ಇಳಿಸಿದವನು ನಾನು. ಹಡಗಲಿಯ ಮಲ್ಲಿಗೆಯನ್ನು ಬೆಳಗಾಗುವುದರೊಳಗೆ ಹೊಸಪೇಟೆಗೆ ಮುಟ್ಟಿಸುವ ಕೆಲಸದಲ್ಲಿ, ಎದುರಿಗೆ ಬರುವ ಅದಿರಿನ ಲಾರಿಗಳನ್ನು ಕಣ್ಣು ಮಿಟುಕಿಸದೆ ನೋಡಿದವನು. ಅಂಥ ನನಗೆ ಈಚೆಗೆ ಕೆಲವು ದಿನ ಅನ್ನ ಸೇರಲಿಲ್ಲ. ಕಾರಣ ಮೂರು ವರ್ಷದ ಮಕ್ಕಳು. ಅವರ ಮುಂದೆ ನಿಂತು ನಾನು ಕೋಳಿಯಾಗಬೇಕಿತ್ತು.

ಇದು ಹೇಗಾಯಿತೆಂದರೆ, ನಾನೀಗ ನರ್ಸರಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿ. ನಗುವವರು ನಕ್ಕುಬಿಡಿ, ಕಾಯುತ್ತೇನೆ. ಏಳನೇ ತರಗತಿಗೆ ಶಾಲೆ ಬಿಟ್ಟು ಸ್ಟೇರಿಂಗ್ ಹಿಡಿದ ನಾನು ಹೂವಿನ ಟೆಂಪೊ ಬಿಟ್ಟ ಮೇಲೆ ಹಗರಿಬೊಮ್ಮನಹಳ್ಳಿಯಲ್ಲಿ ಶಾಲಾ ವ್ಯಾನು ಓಡಿಸುತ್ತಿದ್ದೇನೆ. ಕೂಡ್ಲಿಗಿ ರಸ್ತೆಯ ಹಳ್ಳಿಗಳಿಂದ ಮಕ್ಕಳನ್ನು ತಂದು ಶಾಲೆಗೆ ಇಳಿಸುವುದು, ಸಂಜೆ ಮತ್ತೆ ಮನೆಗೆ ಮುಟ್ಟಿಸುವುದು. ಹೂವಾದರೆ ವೇಗ ಕೇಳುತ್ತದೆ, ಆದರೆ ಅಳುವುದಿಲ್ಲ. ಮಕ್ಕಳು ಅಳುತ್ತಾರೆ. ನನ್ನ ವ್ಯಾನಿನಲ್ಲಿ ಮಾತ್ರ ಯಾರೂ ಅಳುತ್ತಿರಲಿಲ್ಲ. ಅದನ್ನು ನೋಡಿ ಆ ಶಾಲೆಯ ಹೆಡ್ ಮೇಡಂ ಒಮ್ಮೆ, "ಹುಲುಗಪ್ಪಾರ, ನೀವು ಓದಿದ್ರ ನಮ್ಮ ಟೀಚರ್ ಆಗಬಹುದಿತ್ತು ನೋಡ್ರಿ" ಅಂದರು. ಬೇರೆ ಯಾರಾದರೂ ಆಗಿದ್ದರೆ ನಕ್ಕು ಬೀಡಾ ಹಾಕಿಕೊಂಡು ಮರೆತುಬಿಡುತ್ತಿದ್ದರು. ನಾನು ಸ್ವಾಭಿಮಾನಿ. ಹೊರಗಿನಿಂದ ಕಟ್ಟಿ ಎಸ್ಸೆಸ್ಸೆಲ್ಸಿ ಮುಗಿಸಿದೆ, ಪಿಯುಸಿಯನ್ನೂ ಎಳೆದು ದಡ ಸೇರಿಸಿದೆ, ಹೋಗಿ ಕಾಲೇಜಿಗೂ ಸೇರಿದೆ. ಹೆಡ್ ಮೇಡಂ ಅವರಿಗೆ ಸಿಹಿ ಕೊಡಲು ಹೋದಾಗ ಅವರಿಗೆ ಆ ಮಾತು ಆಡಿದ ನೆನಪೇ ಇರಲಿಲ್ಲ.

ಕಾಲೇಜಿನ ಮೊದಲ ದಿನ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ತರಗತಿಯ ಬಾಗಿಲಲ್ಲಿ ನಿಂತದ್ದೇ ತಡ, ಒಳಗಿದ್ದ ಹುಡುಗಿಯರೆಲ್ಲ ಎದ್ದು ನಿಂತು "ನಮಸ್ಕಾರ ಸಾರ್" ಅಂದರು. ನನಗಾದರೂ ಏನಾಗಿತ್ತೋ, ಗಂಭೀರವಾಗಿ ಕೈ ಎತ್ತಿ "ಕೂಡ್ರಿ, ಕೂಡ್ರಿ" ಅಂದೆ. ಅವರು ಕೂತರು. ಆಮೇಲೆ ನಾನು ನಡೆದುಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂತಾಗ ಎದ್ದ ನಗು ಇವತ್ತಿಗೂ ಪೂರ್ತಿ ನಿಂತಿಲ್ಲ. ಈಗ ಎಲ್ಲರಿಗೂ ನಾನು ಅಣ್ಣ. ಬಣ್ಣದ ಕಾಗದದಲ್ಲಿ ಚಿಟ್ಟೆ ಕತ್ತರಿಸುವಾಗ ನನ್ನ ಬೆರಳು ಕತ್ತರಿಯ ಕಣ್ಣಿನಲ್ಲಿ ಸಿಕ್ಕಿಕೊಂಡರೆ ಪಕ್ಕದ ಬೆಂಚಿನ ರೇಣುಕಾ ಬಂದು ಬಿಡಿಸುತ್ತಾಳೆ. "ಅಣ್ಣಾ, ಇದು ನಟ್ಟು ಬೋಲ್ಟಲ್ಲ, ಚಿಟ್ಟಿ ಐತಿ, ಮೆತ್ತಗ" ಅನ್ನುತ್ತಾಳೆ. ನನ್ನ ಮಗಳಷ್ಟು ವಯಸ್ಸು, ನನ್ನ ತಾಯಿಯಷ್ಟು ಗತ್ತು.

ಇಷ್ಟೆಲ್ಲ ಸಹಿಸಬಹುದು. ಸಹಿಸಲಾರದ್ದು ಅಭ್ಯಾಸ ಪಾಠ. ಒಂದು ಶಾಲೆಗೆ ಹೋಗಿ, ನಿಜವಾದ ಮಕ್ಕಳ ಮುಂದೆ, ಹಿಂದೆ ನಮ್ಮ ಕಾಲೇಜಿನ ಶೈಲಾ ಮೇಡಂ ಕೂತು ನೋಡುತ್ತಿರುವಾಗ ಪಾಠ ಮಾಡಬೇಕು. ಅದು ಆಗದಿದ್ದರೆ ವರ್ಷದ ಪರೀಕ್ಷೆಗೆ ಕೂರುವಂತಿಲ್ಲ, ಮತ್ತೆ ಅದೇ ಕೊನೆಯ ಬೆಂಚು. ನನಗೆ ಬಂದ ಪಾಠ ಕೋಳಿ. ರೆಕ್ಕೆ ಬಡಿಯಬೇಕು, ಕುಪ್ಪಳಿಸಬೇಕು, ಕಾಳು ಹೆಕ್ಕಬೇಕು. ಮನೆಯ ಹಿತ್ತಲಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ ನನ್ನ ಹೆಂಡತಿ ಗಂಗಮ್ಮನನ್ನು ಮೆಲ್ಲಗೆ ಕೇಳಿದಳು, "ಯಕ್ಕಾ, ನಿಮ್ಮ ಮನಿಯವರಿಗೆ ಯಾವಾಗಿಂದ ಹಿಂಗಾಗೇತಿ?" ಗಂಗಮ್ಮ ಅಷ್ಟೇ ಮೆಲ್ಲಗೆ ಹೇಳಿದಳು, "ಕಾಲೇಜಿಗೆ ಸೇರಿದಾಗಿಂದ."

ನಾನು ಒಂದು ಉಪಾಯ ಮಾಡಿದೆ. ಪಾಠಕ್ಕೆ ನನ್ನ ವ್ಯಾನಿನ ಮಕ್ಕಳಿರುವ ಶಾಲೆಯನ್ನೇ ಕೇಳಿದೆ. ಶೈಲಾ ಮೇಡಂ ಬೇಡ ಅಂದರು. "ಹುಲುಗಪ್ಪಾರ, ಮಕ್ಕಳು ನಿಮ್ಮನ್ನ ಬ್ಯಾರೆ ರೀತಿ ನೋಡಿರ್ತಾವ. ಗೊತ್ತಿಲ್ಲದ ಶಾಲಿ ತಗೊಳ್ರಿ." ನಾನು ಮೀಸೆ ತಿರುವಿ ಹೇಳಿದೆ, "ಮೇಡಂ, ಆ ಮಕ್ಕಳು ನಾನು ಹಾಕಿದ ಗೆರಿ ದಾಟಂಗಿಲ್ರಿ."

ಗೆರೆಯನ್ನು ಅವು ದಾಟಲಿಲ್ಲ, ನಿಜ. ಆ ದಿನ ನಾನು ತರಗತಿಯೊಳಗೆ ಕಾಲಿಟ್ಟು, ಬಾಯಿ ತೆರೆಯುವ ಮೊದಲೇ, ನನ್ನ ವ್ಯಾನಿನ ಮಕ್ಕಳೆಲ್ಲ ಥಟ್ಟನೆ ಎದ್ದು ನಿಂತರು. ಚೀಲ ಹೆಗಲಿಗೆ ಹಾಕಿಕೊಂಡರು. ನೀರಿನ ಬಾಟಲಿ ಕೊರಳಿಗೆ ಹಾಕಿಕೊಂಡರು. ಒಬ್ಬರ ಅಂಗಿ ಒಬ್ಬರು ಹಿಡಿದು ಬಾಗಿಲಿಗೆ ಸಾಲು ನಿಂತರು. ವ್ಯಾನ್ ಅಂಕಲ್ ಬಂದನೆಂದರೆ ಮನೆಗೆ ಹೋಗುವ ಹೊತ್ತಾಯಿತೆಂದು ಅವಕ್ಕೆ ಕಲಿಸಿದವನು ನಾನೇ. ಮಿಕ್ಕ ಮಕ್ಕಳು ಇದನ್ನು ನೋಡಿ, ತಮ್ಮನ್ನು ಬಿಟ್ಟು ಎಲ್ಲರೂ ಮನೆಗೆ ಹೊರಟರೆಂದು ಒಟ್ಟಿಗೇ ಅಳಲು ಶುರುಮಾಡಿದವು. ನಾನು ಕೋಳಿಯ ಮುಖವಾಡ ಕೈಯಲ್ಲಿ ಹಿಡಿದು "ಕೂಡ್ರಿ ಕೂಡ್ರಿ" ಅನ್ನುತ್ತಿದ್ದೇನೆ, ಸಾಲಿನ ಮೊದಲಿಗ, "ಅಂಕಲ್, ವ್ಯಾನಿನ ಬಾಗ್ಲಾ ತೆಗಿ" ಅನ್ನುತ್ತಿದ್ದಾನೆ. ಹಿಂದೆ ಕೂತಿದ್ದ ಶೈಲಾ ಮೇಡಂ ಪೆನ್ನಿನ ಮುಚ್ಚಳ ಹಾಕಿದ ಸದ್ದು ಆ ಗದ್ದಲದಲ್ಲೂ ನನಗೆ ಕೇಳಿಸಿತು.

ಇನ್ನೊಂದು ಅವಕಾಶ ಕೊಟ್ಟರು. ಅದೇ ಕೊನೆಯದು. ಈ ಸಲ ತಂಬ್ರಹಳ್ಳಿ, ಅಲ್ಲಿ ನನ್ನನ್ನು ಕಂಡ ಮಗು ಒಂದೂ ಇಲ್ಲ. ಪಾಠಕ್ಕೆ ಮೊದಲು ಒಂದು ದಿನ ಹೋಗಿ ಮಕ್ಕಳಿಗೆ ಮುಖ ತೋರಿಸಿ ಬರಬೇಕೆಂಬ ನಿಯಮವಿದೆ. ತೋರಿಸಿದೆ. ಚೈತ್ರಾ ಎಂಬ ಪುಟ್ಟ ಹುಡುಗಿ ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ತುಟಿ ನಡುಗಿತು. ಆಮೇಲೆ "ಪೊಲೀಸ ಬಂದಾ!" ಎಂದು ಚೀರಿ ಆಯಾಳ ಸೆರಗಿನೊಳಗೆ ನುಗ್ಗಿದಳು. ಅವಳ ಹಿಂದೆ ಉಳಿದವರೂ ನುಗ್ಗಿದರು. ಒಂದು ಸೆರಗು ಎಷ್ಟು ಮಕ್ಕಳನ್ನು ಮುಚ್ಚೀತು? ಆಯಾ ಬೇಜಾರು ಮಾಡಿಕೊಂಡು ಹೇಳಿದಳು, "ಸಿಟ್ಟಾಗಬ್ಯಾಡ್ರಿ ಸರ. ಉಣ್ಣದಿದ್ರ ಮೀಸಿ ಪೊಲೀಸ ಬರ್ತಾನ ಅಂತ ಮನ್ಯಾಗ ಅಂಜಿಸಿರ್ತಾರ. ನೀವು ಖರೇನ ಬಂದುಬಿಟ್ರಿ."

ನಾನು ಸಿಟ್ಟಾಗಲಿಲ್ಲ. ಸಿಟ್ಟಾಗಲು ಮುಖವೂ ಇರಲಿಲ್ಲ, ಏಕೆಂದರೆ ವ್ಯಾನಿನಲ್ಲಿ ಮಕ್ಕಳನ್ನು ಸುಮ್ಮನಿರಿಸಲು ನಾನು ಹೇಳುವುದೂ ಅದೇ ಪೊಲೀಸನ ಹೆಸರು. ನನ್ನ ವ್ಯಾನಿನಲ್ಲಿ ಯಾರೂ ಅಳುತ್ತಿರಲಿಲ್ಲ ಅಂದೆನಲ್ಲ, ಯಾಕೆ ಅಂತ ಹೆಡ್ ಮೇಡಂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಮರುದಿನ ಕಾಲೇಜಿನಲ್ಲಿ ರೇಣುಕಾ ತೀರ್ಪು ಕೊಟ್ಟಳು. "ಅಣ್ಣಾ, ಮೀಸಿ ತೆಗೀರಿ."

"ಏನಂದಿ? ಇದು ನಮ್ಮಪ್ಪನ ಕಾಲದಿಂದ ಬಂದ ಮೀಸಿ."

"ನಿಮ್ಮಪ್ಪ ಏನು ನರ್ಸರಿ ಟ್ರೇನಿಂಗ್ ಮಾಡ್ಯಾರೇನು?"

ಎರಡು ದಿನ ಕನ್ನಡಿಯ ಮುಂದೆ ನಿಂತು, ಮೀಸೆಯನ್ನು ಬೆರಳಿನಿಂದ ಮುಚ್ಚಿ ತೆಗೆದು ನೋಡಿಕೊಂಡೆ. ಮುಚ್ಚಿದಾಗ ಕನ್ನಡಿಯಲ್ಲಿ ಯಾರೋ ಬ್ಯಾಂಕಿನಲ್ಲಿ ಸರದಿ ಕಾಯುವ ಮನುಷ್ಯ ಕಾಣುತ್ತಿದ್ದ. ಪಾಠದ ಹಿಂದಿನ ಸಂಜೆ, ಎದೆ ಗಟ್ಟಿ ಮಾಡಿಕೊಂಡು ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು "ಪೂರ್ತಿ ತೆಗಿ" ಅಂದೆ. ಅಂಗಡಿಯ ತಿಪ್ಪೇಶಿಯ ಕೈಯಲ್ಲಿದ್ದ ಕತ್ತಿ ಅಲ್ಲೇ ನಿಂತಿತು. ಸರ್ರನೆ ರೇಡಿಯೊ ಆರಿಸಿದ. "ಅಯ್ಯೋ ಹುಲುಗಣ್ಣ, ಯಾವಾಗ? ಮೊನ್ನೆ ಸಂತ್ಯಾಗ ನೋಡಿದ್ನಲ್ಲೋ ಹಿರಿಯಾರನ್ನ!"

ನಮ್ಮ ಕಡೆ ಗಂಡಸು ಮೀಸೆ ತೆಗೆಯುವುದು ತಂದೆ ತೀರಿಕೊಂಡಾಗ. ನನ್ನ ತಲೆಯಲ್ಲಿ ಕೋಳಿ ತುಂಬಿಕೊಂಡು ಈ ಮಾತು ಹೊಳೆದೇ ಇರಲಿಲ್ಲ. "ಇಲ್ಲಪ್ಪ, ಅಪ್ಪ ಗಟ್ಟಿಮುಟ್ಟಾಗಿ ಅದಾನ, ಇದು ಕಾಲೇಜಿನ ಕೆಲಸಕ್ಕ" ಅಂದೆ. ತಿಪ್ಪೇಶಿ ನಂಬಲಿಲ್ಲ. ದುಃಖದಲ್ಲಿ ಏನೋ ಬಡಬಡಿಸುತ್ತಿದ್ದಾನೆಂದು ತಿಳಿದು, ಬಹಳ ಮೃದುವಾಗಿ ಕೆಲಸ ಮುಗಿಸಿ, ಹೆಗಲು ತಟ್ಟಿ ಕಳಿಸಿದ.

ನಾನು ಹೆಂಡತಿಗೆ ಹೇಗೆ ಮುಖ ತೋರಿಸಲಿ ಎಂದು ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ತಡಮಾಡಿದ್ದೇ ತಪ್ಪಾಯಿತು. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಹೋಗಿ ನೋಡಿದರೆ ಕಟ್ಟೆಯ ಮುಂದೆ ಜನ. ಒಬ್ಬ ಹೂವಿನ ಹಾರವನ್ನೂ ತಂದಿದ್ದ. ಕಟ್ಟೆಯ ಮೇಲೆ ನಮ್ಮಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ, ಬಂದವರಿಗೆಲ್ಲ ತಾನೇ ಸಮಾಧಾನ ಹೇಳುತ್ತಿದ್ದ. ನನ್ನನ್ನು ಕಂಡದ್ದೇ ಅಡಿಕೆ ಕತ್ತರಿ ಕೆಳಗಿಟ್ಟ.

"ಬಾರಪ್ಪಾ ಬಾ. ಲೇ ಹುಲುಗ, ನಾನು ಯಾವಾಗ ಸತ್ನಲೇ?"

"ಇಲ್ಲಪ್ಪಾ... ಅದು... ಕೋಳಿ ಪಾಠಕ್ಕ..."

"ಕೋಳಿ ಸತ್ರ ಮೀಸಿ ತೆಗೀತಾರೇನಲೇ ನಿಮ್ಮ ಕಾಲೇಜಿನಾಗ?"

ಹಾರ ತಂದವನು ಹಾರವನ್ನು ಹಿಂದೆ ಬಚ್ಚಿಟ್ಟುಕೊಂಡ. ಅಪ್ಪ, "ತಂದೀಯಲ್ಲ, ಹಾಕು, ಬದುಕಿದ್ದಾಗ ಯಾರು ಹಾಕ್ತಾರ" ಎಂದು ತಾನೇ ಕೊರಳು ಬಗ್ಗಿಸಿ ಹಾಕಿಸಿಕೊಂಡ. ಜನ ನಕ್ಕು ಚದುರಿದರು. ಆದರೆ ಒಳಗೆ ಬಂದ ಮೇಲೆ ಅಪ್ಪ ನನಗೆ ಬೆನ್ನು ಹಾಕಿ ಕೂತ. ಹಾರ ಕೊರಳಲ್ಲೇ ಇತ್ತು. ಊಟದ ಹೊತ್ತಿಗೆ ಒಂದೇ ಮಾತು ಹೇಳಿದ, "ನಾಳೆ ಪಾಸಾಗದ ಬಂದ್ರ, ಮೀಸಿನೂ ಹೋತು ಮಾನನೂ ಹೋತು, ತಿಳಕೋ." ಗಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋದಳು. ಅತ್ತಳೋ ನಕ್ಕಳೋ ನಾನು ಕೇಳಲಿಲ್ಲ.

ಮರುದಿನ, ವ್ಯಾನನ್ನು ಆ ದಿನದ ಮಟ್ಟಿಗೆ ಬೇರೊಬ್ಬನಿಗೆ ಒಪ್ಪಿಸಿ ಬಂದು, ತಂಬ್ರಹಳ್ಳಿಯ ಆ ಕೋಣೆಯ ಬಾಗಿಲಲ್ಲಿ ನಿಂತಾಗ ನನ್ನ ಕೈ ಅಭ್ಯಾಸದಂತೆ ಮೀಸೆ ತಿರುವಲು ಹೋಗಿ ಏನೂ ಸಿಗದೆ ಇಳಿಯಿತು. ಮೇಲ್ದುಟಿಗೆ ಗಾಳಿ ತಾಗುತ್ತಿತ್ತು, ಬಟ್ಟೆ ಇಲ್ಲದೆ ನಿಂತಂತೆ. ಶೈಲಾ ಮೇಡಂ ಹಿಂದೆ ಕೂತು ನನ್ನನ್ನು ನೋಡಿದರು, ಗುರುತು ಸಿಗದೆ ಬೇರೆ ಕಡೆ ನೋಡಿದರು, ಮತ್ತೆ ಥಟ್ಟನೆ ತಿರುಗಿದರು. ನಾನು ನೆಲದ ಮೇಲೆ ಕೂತೆ. ನಿಂತರೆ ಮಕ್ಕಳು ಹೆದರುತ್ತವೆಂದು ರೇಣುಕಾ ಹೇಳಿಕೊಟ್ಟಿದ್ದಳು. ಚೈತ್ರಾ ನನ್ನ ಮುಖವನ್ನು ದಿಟ್ಟಿಸಿದಳು. ತುಟಿ ನೋಡಿದೆ. ನಡುಗಲಿಲ್ಲ. ಮೆಲ್ಲಗೆ "ಕೊಕ್ಕೊಕ್ಕೋ" ಅಂದೆ. ಯಾರೂ ನಗಲಿಲ್ಲ. ಎರಡನೆಯ ಸಲ ರೆಕ್ಕೆ ಬಡಿದೆ. ಒಬ್ಬ ಹುಡುಗ ಹತ್ತಿರ ಸರಿದ. ಮೂರನೆಯ ಸಲ ಕುಪ್ಪಳಿಸಿ ಸುಳ್ಳುಸುಳ್ಳೇ ಜಾರಿ ಬಿದ್ದೆ. ಆಗ ನೋಡಿ, ಕೋಣೆ ಪೂರ್ತಿ ಕಿಲಕಿಲ. ನನ್ನ ಹಿಂದೆ ಸಣ್ಣ ಸಣ್ಣ ಕೋಳಿಮರಿಗಳ ಸಾಲು. ಚೈತ್ರಾ ಎಲ್ಲರಿಗಿಂತ ಮುಂದೆ, ನನ್ನ ಅಂಗಿಯ ಚುಂಗು ಹಿಡಿದು.

ಪಾಠ ಮುಗಿದಾಗ ಶೈಲಾ ಮೇಡಂ, "ಆತು ಬಿಡ್ರಿ ಹುಲುಗಪ್ಪಾರ, ಪರೀಕ್ಷಿಗೆ ಕೂಡ್ರಿ. ದನಿ ಭಾಳ ಮೆತ್ತಗ ಇತ್ತು, ಅದನ್ನ ಬಿಡಬ್ಯಾಡ್ರಿ" ಅಂದರು. ನನ್ನ ಕಣ್ಣು ಒದ್ದೆಯಾಯಿತು, ಧೂಳು ಅಂತ ಒರೆಸಿಕೊಂಡೆ. ಹೊರಡುವಾಗ ಚೈತ್ರಾ ಕೈ ಹಿಡಿದು ಜಗ್ಗಿ ಕೇಳಿದಳು, "ಮೀಸಿ ಪೊಲೀಸ ಎಲ್ಲಿ ಹೋಗ್ಯಾನ?"

"ಅವ ಇನ್ನ ಬರಂಗಿಲ್ಲವ್ವ."

ಅವಳ ಮುಖ ಬಾಡಿತು. "ನಾನು ಎಲ್ಲಾ ಉಂಡೀನಿ. ಅವಂಗ ಹೇಳಬೇಕಿತ್ತು."

ಸಂಜೆ ಮನೆಗೆ ಹೋಗಿ ಅಪ್ಪನ ಕಾಲು ಮುಟ್ಟಿದೆ. ಅವನು ನಿನ್ನೆಯ ಒಣಗಿದ ಹಾರವನ್ನು ತೆಗೆದು ನನ್ನ ಕೊರಳಿಗೆ ಹಾಕಿದ. ಅಂತೂ ಗೆದ್ದೆ ಅಂದುಕೊಂಡು ಮಾರನೆಯ ಬೆಳಿಗ್ಗೆ ಸೀಟಿ ಹೊಡೆಯುತ್ತ ವ್ಯಾನು ತೆಗೆದೆ. ಮೊದಲ ಊರಿನ ಕಟ್ಟೆಯ ಮೇಲೆ ಮಕ್ಕಳು ಕಾಯುತ್ತಿದ್ದರು. ಬಾಗಿಲು ತೆರೆದೆ. ಯಾರೂ ಹತ್ತಲಿಲ್ಲ. ಕಾಲೇಜಿನ ದನಿಯಲ್ಲಿ, ಅದೇ ಮೆತ್ತನೆಯ ದನಿಯಲ್ಲಿ, "ಬರ್ರಿ ಪುಟ್ಟಾ, ಹತ್ರಿ ಬಂಗಾರ" ಅಂದೆ. ಒಂದು ಮಗು ಅಳಲು ಶುರುಮಾಡಿತು. ಬಿಡಲು ಬಂದಿದ್ದ ತಾಯಿಯೊಬ್ಬಳು ಮಗನ ಕೈ ಬಿಗಿಯಾಗಿ ಹಿಡಿದುಕೊಂಡಳು. "ನಾನವ್ವ, ಹುಲುಗಪ್ಪ" ಅಂದೆ. ಆಕೆ ನೋಡಿ, "ಅಯ್ಯೋ, ಹಿರಿಯಾರು ಹೋದ್ರಾ?" ಅಂದಳು. ಇಲ್ಲವೆಂದು ವಿವರಿಸುವಷ್ಟರಲ್ಲಿ ಶಾಲೆಯ ಹೊತ್ತು ಮೀರುತ್ತಿತ್ತು. ಅಂದು ತರಗತಿಯಲ್ಲಿ ಸಾಲಿನ ಮೊದಲಿಗೆ ನಿಂತಿದ್ದ ಹುಡುಗನನ್ನು ಬೇಡಿಕೊಂಡೆ. "ನನ್ನ ಗುರ್ತು ಸಿಗಲಿಲ್ಲೇನಪ್ಪಾ ರಾಜಾ?"

ಅವನು ತಲೆಯಾಡಿಸಿದ. "ನೀನು ನಮ್ಮ ಅಂಕಲ್ ಅಲ್ಲ. ನಮ್ಮ ಅಂಕಲ್ ಬೈತಾನ."

ನಾನು ಆಚೀಚೆ ನೋಡಿದೆ. ರಸ್ತೆಯಲ್ಲಿ ಕಾಲೇಜಿನವರು ಯಾರೂ ಇರಲಿಲ್ಲ. "ಏಯ್! ಹತ್ತತೀರೋ ಪೊಲೀಸನ್ನ ಕರೀಲೋ?" ಎಂದು ಗುಡುಗಿದೆ. ಎಲ್ಲರ ಮುಖ ಅರಳಿತು. ಅಳುತ್ತಿದ್ದದ್ದು ಕೂಡ ಮೂಗು ಒರೆಸಿಕೊಂಡು, "ಬಂದ, ಬಂದ, ನಮ್ಮ ಅಂಕಲ್ ಬಂದ" ಎನ್ನುತ್ತ ಎಲ್ಲರ ಜೊತೆ ಹತ್ತಿ ಕೂತಿತು.