ಅಕ್ರೋಟಿನ ಮಿಡಿ

ನಾನು ಸ್ವಭಾವತಃ ದೂರದೃಷ್ಟಿಯ ಮನುಷ್ಯ. ಹತ್ತಿರದ್ದು ನನಗೆ ಕಾಣುವುದೇ ಇಲ್ಲ ಎಂಬುದು ನನ್ನ ಹೆಂಡತಿ ವಾರಿಜಳ ಅಭಿಪ್ರಾಯ. ಎಂಬತ್ತರ ದಶಕದ ಆರಂಭದಲ್ಲಿ ನಾವು ಬೇ ಏರಿಯಾದ ವಾಲ್ನಟ್ ಕ್ರೀಕ್ ಎಂಬ ಊರಿನಲ್ಲಿ ಮನೆ ನೋಡಲು ಹೋದಾಗ ಅವಳು ಅಡುಗೆಮನೆಯ ನಲ್ಲಿ, ಒಲೆ, ಕಪಾಟುಗಳನ್ನು ತೆರೆದು ಮುಚ್ಚಿ ಪರೀಕ್ಷಿಸುತ್ತಿದ್ದರೆ, ನಾನು ಹಿತ್ತಿಲಿನಲ್ಲಿ ಒಂದು ಅಕ್ರೋಟಿನ ಮರವನ್ನು ತಬ್ಬಿಕೊಂಡು ನಿಂತಿದ್ದೆ. ಆ ಬಡಾವಣೆ ಒಂದು ಕಾಲಕ್ಕೆ ಅಕ್ರೋಟಿನ ತೋಟವಂತೆ. ಮನೆ ಕಟ್ಟಿದವರು ಅದೇಕೋ ಇದೊಂದನ್ನು ಉಳಿಸಿದ್ದರು. ಕಾಡು ಅಕ್ರೋಟಿನ ಬುಡಕ್ಕೆ ಒಳ್ಳೆಯ ಜಾತಿಯದನ್ನು ಕಸಿ ಕಟ್ಟಿದ ಮರ. ಸೊಂಟದವರೆಗೆ ಕಪ್ಪು, ಅಲ್ಲಿಂದ ಮೇಲೆ ಬಿಳಿಚು. ಕರಿ ಪ್ಯಾಂಟಿನ ಮೇಲೆ ಬಿಳಿ ಅಂಗಿ ತೊಟ್ಟ ನಮ್ಮ ಮೈಸೂರಿನ ವಕೀಲರ ಹಾಗೆ ಕಾಣುತ್ತಿತ್ತು. ಕಾಯಿ ನನಗೆ, ಮರಮುಟ್ಟು ಮೊಮ್ಮಕ್ಕಳಿಗೆ ಎಂದು ನಿಂತಲ್ಲೇ ತೀರ್ಮಾನಿಸಿದೆ. ಸಾಲದೆಂದು ಬೇಲಿಯ ಪಕ್ಕ ಇನ್ನೆರಡು ಸಸಿ ನೆಟ್ಟೆ. ಓಕ್ಲ್ಯಾಂಡಿನ ಆಫೀಸಿನಲ್ಲಿ ಊಟದ ಹೊತ್ತಿಗೆ ನನ್ನದು ಇದೇ ಪುರಾಣ. ಅಕ್ರೋಟಿನ ಹಲಗೆಯ ಮುಂದೆ ತೇಗ ಯಾವ ಲೆಕ್ಕ, ನನ್ನ ಮರ ಬಲಿತು ನಿಂತಿದೆ, ಅದರಲ್ಲಿ ಎಂಥ ಉಯ್ಯಾಲೆಮಣೆ ಆಗುತ್ತದೆ ಗೊತ್ತೇ ಎಂಬುದನ್ನೇ ಕೇಳಿ ಕೇಳಿ, ಸಹೋದ್ಯೋಗಿಗಳು ನನ್ನನ್ನು ಕಂಡರೆ ಬೇರೆ ಟೇಬಲ್ಲಿಗೆ ಹೋಗುತ್ತಿದ್ದರು.

ವಾರಿಜ ಉಡುಪಿಯವಳು. ಉಡುಪಿಯವರ ಎದುರು ಮಟ್ಟುಗುಳ್ಳವನ್ನು ಬರೀ ಬದನೆಕಾಯಿ ಎಂದವನು ಆ ದಿನ ಊಟದ ಆಸೆ ಬಿಡಬೇಕು. ತವರಿನಿಂದ ಜೋಪಾನವಾಗಿ ತಂದ ಗುಳ್ಳದ ಬೀಜವನ್ನು ಅವಳು ಹಿತ್ತಿಲಿನಲ್ಲಿ ಬಿತ್ತಿದಳು. ಗಿಡ ಎರಡೆಲೆ ಬಿಟ್ಟು, ನಾಲ್ಕೆಲೆ ಬಿಟ್ಟು, ಕತ್ತು ಬಗ್ಗಿಸಿ ಸತ್ತಿತು. ಮರುವರ್ಷವೂ ಅದೇ ಕಥೆ. ಕೊನೆಗೆ ನರ್ಸರಿಯವನು ಹೇಳಿದ: ಅಕ್ರೋಟಿನ ಬೇರು ಮಣ್ಣಿಗೆ ಒಂದು ಬಗೆಯ ವಿಷ ಬಿಡುತ್ತದೆ, ಬದನೆ ಟೊಮೇಟೊ ಜಾತಿ ಅದರ ಹತ್ತಿರ ಬದುಕುವುದಿಲ್ಲ. ಅದೇ ದುರ್ಮುಹೂರ್ತದಲ್ಲಿ ಮರದ ವ್ಯಾಪಾರಿಯೊಬ್ಬ ಬಾಗಿಲು ತಟ್ಟಿದ. ಆ ಕಪ್ಪು ಬುಡ ಬಂದೂಕಿನ ಹಿಡಿಗೆ ಬಹಳ ಒಳ್ಳೆಯದಂತೆ. ಕಡಿದು, ಬೇರು ಕಿತ್ತು, ನೆಲ ಚೊಕ್ಕ ಮಾಡಿ ಕೊಡುತ್ತಾನಂತೆ.

"ಮರ ಬಲಿತಿದೆ ಅಂತ ಊರಿಗೆಲ್ಲ ನೀವೇ ಹೇಳ್ತೀರಲ್ಲ. ಬಲಿತದ್ದನ್ನು ಕಡಿಸ್ಲಿಕ್ಕೆ ಎಂತ ತೊಂದರೆ?" ಎಂದಳು ವಾರಿಜ. ನನ್ನ ಭಾಷಣ ನನ್ನ ಕುತ್ತಿಗೆಗೇ ಬಂತು. ಮಗಳ ಕಡೆ ನೋಡಿದೆ. "ಇಟ್ಸ್ ಜಸ್ಟ್ ಎ ಟ್ರೀ, ಡ್ಯಾಡಿ" ಎಂದು ಅವಳು ತಾಯಿಯ ಪಕ್ಷ ಸೇರಿದಳು. ಶನಿವಾರ ಗರಗಸ ಬರುವುದೆಂದು ನಿಶ್ಚಯವಾಯಿತು. ನನಗೆ ನಿಜವಾಗಿಯೂ ಅಳು ಬಂದಿತ್ತು.

ಆ ವಾರವೇ ನಮ್ಮ ಅತ್ತೆ ಉಡುಪಿಯಿಂದ ಬಂದಿಳಿದಿದ್ದರು. ಗುರುವಾರ ಸಂಜೆ ನಾನು ಆಫೀಸು ಮುಗಿಸಿ ಟ್ರೈನಿನಿಂದ ಇಳಿದು ಮನೆಗೆ ಬರುತ್ತೇನೆ, ಮರ ಬೋಳು! ಎಲೆ ಇದೆ, ಕಾಯಿಲ್ಲ. ಆ ವರ್ಷ ಹಿಂದೆಂದೂ ಬಿಡದಷ್ಟು ಕಾಯಿ ಬಿಟ್ಟಿತ್ತು. ಎಲ್ಲ ಇನ್ನೂ ಹಸಿರು ಮಿಡಿ. ಅಡುಗೆಮನೆಯಲ್ಲಿ ಅತ್ತೆ, ವಾರಿಜ, ಮಗಳು ಮೂವರೂ ನೆಲದ ಮೇಲೆ ಕೂತಿದ್ದಾರೆ. ಮಿಡಿಯ ಸೊನೆ ತಗಲಿ ಮೂವರ ಕೈಯೂ ಇದ್ದಿಲು ಹಿಡಿದಂತೆ ಕಪ್ಪು.

"ಅಯ್ಯೋ, ಬಲಿಯೋಕೆ ಮುಂಚೆ ಕಿತ್ತುಬಿಟ್ರಾ ಅತ್ತೆ?" ಎಂದು ಕೂಗಿದೆ.

"ಬಲಿತ್ರೆ ಮಿಡಿ ಉಪ್ಪಿನಕಾಯಿ ಹಾಕುದು ಹೇಗೆ ಮಾರಾಯ್ರೇ?" ಎಂದರು ಅತ್ತೆ. "ಸೂಜಿ ಚುಚ್ಚಿ ನೋಡಿದ್ದೇನೆ, ಗೊರಟು ಕಟ್ಲಿಲ್ಲ. ಎಂಥ ಪರಿಮಳ ಉಂಟು! ಇಷ್ಟು ಮಿಡಿ ಬಿಡುವ ಮರವನ್ನು ಯಾರಾದ್ರೂ ಕಡಿಯುದುಂಟಾ? ಭರಣಿ ಎಂತ ಹೇಳ್ತದೆ ನೋಡುವ, ಮತ್ತೆ ಗರಗಸ."

ವಾರಿಜ ಎದ್ದು ಹೋಗಿ ವ್ಯಾಪಾರಿಗೆ ಫೋನ್ ಮಾಡಿ ಸದ್ಯಕ್ಕೆ ಬರುವುದು ಬೇಡವೆಂದಳು. ನನ್ನ ಮರದ ಪ್ರಾಣ ಈಗ ಒಂದು ಉಪ್ಪಿನಕಾಯಿಯ ಕೈಯಲ್ಲಿತ್ತು. ಉಪ್ಪಿಗೆ ಹಾಕಿದ ಮೇಲೆ ಒಂದು ಮಿಡಿ ಬಾಯಿಗಿಟ್ಟೆ; ಬೇವು ಇದಕ್ಕಿಂತ ಸಿಹಿ. ಅತ್ತೆ ಧೈರ್ಯಗೆಡಲಿಲ್ಲ. ಕಹಿ ನೀರು ಚೆಲ್ಲಿದರು, ಮತ್ತೆ ಉಪ್ಪು ಹಾಕಿದರು, ಮತ್ತೆ ಚೆಲ್ಲಿದರು, ಬಿಸಿಲಿಗೆ ಹರಡಿದರು. ಮಿಡಿಗಳು ಟಾರಿನ ಉಂಡೆಗಳಾದವು. ಆಮೇಲೆ ಸಾಸಿವೆ, ಮೆಣಸು, ಇಂಗು ಅರೆದು ತುಂಬಿದರು. ಈ ನಡುವೆ ಉಳಿದ ಗುಳ್ಳದ ಬೀಜವನ್ನು ಮರದಿಂದ ದೂರ, ಮನೆ ಮುಂದೆ ಕಾರು ನಿಲ್ಲಿಸುವ ಜಾಗದಲ್ಲಿ ಪೀಪಾಯಿಗಳಿಗೆ ಮಣ್ಣು ತುಂಬಿ ಬಿತ್ತಿದರು.

ಗಣೇಶನ ಹಬ್ಬಕ್ಕೆ ಬೇ ಏರಿಯಾದ ಕನ್ನಡಿಗರೆಲ್ಲ ಬಾಡಿಗೆ ಹಾಲಿನಲ್ಲಿ ಸೇರಿದಾಗ ಎಲೆಯ ತುದಿಗೆ ಆ ಕಪ್ಪು ಮಿಡಿ ಬಿತ್ತು. ಮೊದಲು ಎಲ್ಲರೂ ಅನುಮಾನದಿಂದ ನೋಡಿದರು. ಮೊಸರನ್ನದ ಹೊತ್ತಿಗೆ ನೂಕುನುಗ್ಗಲು! ಬೆಂಗಳೂರಿನ ಡಾಕ್ಟರೊಬ್ಬರು ಪೇಷೆಂಟಿನಂತೆ ಕೈಯೊಡ್ಡಿ ನಿಂತಿದ್ದರು. "ನಮ್ಮನೆ ಮರದ್ದು" ಎಂದು ವಾರಿಜ ಹಾಲಿನುದ್ದಕ್ಕೂ ಸಾರಿದಳು. ನಮ್ಮನೆ ಮರ! ನನ್ನ ಎದೆ ಎಷ್ಟು ಉಬ್ಬಿತೆಂದರೆ ಜುಬ್ಬದ ಗುಂಡಿ ಬಿಗಿಯಿತು. ಮರುದಿನ ವ್ಯಾಪಾರಿ ಫೋನ್ ಮಾಡಿದರೆ, ಮರ ಮುಟ್ಟಿದರೆ ಪೊಲೀಸರನ್ನು ಕರೆಯುತ್ತೇನೆಂದು ಅವಳೇ ಗದರಿಸಿದಳು. ಅಂದು ಮಧ್ಯಾಹ್ನ ಪೀಪಾಯಿಯ ಗುಳ್ಳದ ಹುಳಿ. ನಾನು ಮೂರು ಸಲ ಬಡಿಸಿಕೊಂಡೆ.

ಹೀಗೆ ನಾನು ಗೆದ್ದೆ. ಅತ್ತೆ ಊರಿಗೆ ಹೊರಡುವ ಮುನ್ನ ಬೇಲಿಯ ಪಕ್ಕದ ನನ್ನ ಎರಡು ಸಸಿಗಳನ್ನು ಪ್ರೀತಿಯಿಂದ ಸವರಿ, "ಇವು ಮಿಡಿ ಬಿಡುದು ಯಾವಾಗ?" ಎಂದು ಕೇಳಿದರು. ಈಗ ಪ್ರತಿವರ್ಷ ಬೇಸಗೆ ಶುರುವಾಗುವ ಹೊತ್ತಿಗೆ ವಾರಿಜ ಸೂಜಿ ಹಿಡಿದು ಮರದಡಿ ನಿಲ್ಲುತ್ತಾಳೆ. ನನ್ನ ಕಾರು ಬೀದಿಯಲ್ಲಿ ನಿಲ್ಲುತ್ತದೆ. ಮೊನ್ನೆ ಗ್ರೋಸರಿ ಅಂಗಡಿಯಲ್ಲಿ ಅಕ್ರೋಟಿನ ಪೊಟ್ಟಣ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಆ ಡಾಕ್ಟರೇ ಸಿಕ್ಕರು.

"ಏನ್ ಸಾರ್, ನಿಮ್ಮ ಮನೇಲೇ ಅಕ್ರೋಟಿನ ಮರ ಇದೆಯಲ್ಲ?"

"ಎಲ್ಲಿ ಬಂತು ಡಾಕ್ಟ್ರೇ," ಎಂದೆ, "ನಮ್ಮನೇಲಿರೋದು ಉಪ್ಪಿನಕಾಯಿ ಮರ."