ಅಮ್ಮನಿಗೊಂದು ಗೋಧಿ ಬ್ರೆಡ್ಡು

ನಮ್ಮ ರಾಜಾಜಿನಗರದಲ್ಲಿ ಗಂಡಸೊಬ್ಬ ಸಂಜೆ ಹೊತ್ತು ಕೈಯಲ್ಲಿ ಬ್ರೆಡ್ಡು ಹಿಡಿದು ನಡೆದುಬಂದನೆಂದರೆ ಬೀದಿಯವರಿಗೆ ಬೇರೆ ಸುದ್ದಿ ಬೇಕಾಗುವುದಿಲ್ಲ. ಮನೆಯಲ್ಲಿ ಯಾರೋ ಮಲಗಿದ್ದಾರೆ ಎಂದೇ ಅರ್ಥ. ಬ್ರೆಡ್ಡು ನಮ್ಮಲ್ಲಿ ತಿಂಡಿಯಲ್ಲ, ಔಷಧಿಯ ಹತ್ತಿರದ ನೆಂಟ. ಜ್ವರ ಬಂದಾಗ ಹಾಲಿನಲ್ಲಿ ಅದ್ದಿ ಕೊಡುವುದು, ಜ್ವರ ಬಿಟ್ಟಮೇಲೆ ಉಳಿದದ್ದಕ್ಕೆ ಸಕ್ಕರೆ ಉದುರಿಸಿ ಮಕ್ಕಳಿಗೆ ಹಂಚುವುದು, ಇಷ್ಟೇ ಅದರ ಬಾಳು. ಇಂಥ ಕಡೆ ಇದ್ದುಕೊಂಡು ಒಳ್ಳೆಯ ಬ್ರೆಡ್ಡು ಆರಿಸುವ ವಿದ್ಯೆ ಯಾರಿಗಾದರೂ ಒಲಿದಿದ್ದರೆ ಅದು ನನಗೊಬ್ಬನಿಗೇ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಹೇಳಿಕೊಳ್ಳಲು ನನ್ನ ಬಳಿ ಬೇರೆ ಹೆಚ್ಚೇನೂ ಇಲ್ಲವಾದ್ದರಿಂದ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ.

ಈ ವಿದ್ಯೆ ಕಲಿಸಿದ್ದು ಅಮ್ಮನ ಸಕ್ಕರೆ ಕಾಯಿಲೆ. ರಾತ್ರಿ ಅನ್ನ ಬಿಡಿಸಿ ಚಪಾತಿ ಕೊಡಿ ಎಂದರು ಡಾಕ್ಟರು. ಅಮ್ಮನ ಹೊಸ ಹಲ್ಲುಸೆಟ್ಟು ಚಪಾತಿಗೆ ಒಪ್ಪಲಿಲ್ಲ. ಮುದ್ದೆ ಮಧ್ಯಾಹ್ನವೇ ಆಗಿರುತ್ತದೆ, ರಾತ್ರಿಯೂ ಅದನ್ನೇ ನುಂಗಿ ಕಲ್ಲಿನ ಹಾಗೆ ಕೂತಿರಬೇಕೇ ಎಂಬುದು ಅವಳ ವಾದ. “ಹಾಗಾದ್ರೆ ಗೋಧಿ ಬ್ರೆಡ್ಡು ಕೊಟ್ಟು ನೋಡಿ, ಮೈದಾದು ಬೇಡ” ಎಂದು ಡಾಕ್ಟರು ಮುಂದಿನವರನ್ನು ಕರೆದರು. ಅವರಿಗೇನು, ಒಂದು ಮಾತು. ನಾನೋ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಮನೆಗೆ ಓಡಿಬರುವ ಜಾತಿಯವನು. ಅಮ್ಮನಿಗೆ ಬ್ರೆಡ್ಡು ರುಚಿಸದಿದ್ದರೆ ಮತ್ತೆ ಅನ್ನಕ್ಕೇ ಹೋಗುತ್ತಾಳೆ, ಅನ್ನಕ್ಕೆ ಹೋದರೆ ಸಕ್ಕರೆ ಏರುತ್ತದೆ, ಸಕ್ಕರೆ ಏರಿದರೆ ಕಣ್ಣು, ಕಾಲು... ಆಫೀಸಿನ ಫೈಲಿನ ಮುಂದೆ ಕೂತು ಇದನ್ನೇ ಯೋಚಿಸುತ್ತಿದ್ದೆ. ಅಮ್ಮನ ಯೋಚನೆ ಬೇರೆ. “ನಂಗೇನ್ ಬಂದಿದೆ ಅಂತ ಬ್ರೆಡ್ ತಿನ್ಲೋ? ಜ್ವರಾನಾ? ಅಕ್ಕಪಕ್ಕದೋರು ಏನಂದ್ಕೊಂಡಾರು!”

ಬಸವೇಶ್ವರನಗರದ ಕಡೆ ಹೋಗುವ ರಸ್ತೆಯಲ್ಲಿ ರಂಗಣ್ಣನ ಬೇಕರಿ. ನಮ್ಮ ಮನೆತನದಲ್ಲಿ ಯಾವ ಪದಾರ್ಥವನ್ನೂ ಮುಟ್ಟಿ ಪರೀಕ್ಷಿಸದೆ ಕೊಂಡ ಇತಿಹಾಸವಿಲ್ಲ. ಬೆಂಡೆಕಾಯಿಯ ತುದಿ ಮುರಿಯುತ್ತೇವೆ, ಕಲ್ಲಂಗಡಿಯನ್ನು ತಟ್ಟುತ್ತೇವೆ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಬ್ರೆಡ್ಡಿಗೂ ಅದೇ ಮರ್ಯಾದೆ ಸಲ್ಲಿಸಿದೆ. ಮೊದಲು ತಟ್ಟಿದೆ. ಆಮೇಲೆ ಅಭ್ಯಾಸಬಲದಿಂದ ಕಿವಿಗೆ ಹಿಡಿದು ಅಲ್ಲಾಡಿಸಿಯೂ ಬಿಟ್ಟೆ. ರಂಗಣ್ಣ ಬನ್ನು ಜೋಡಿಸುತ್ತಿದ್ದವನು ತಲೆಯೆತ್ತಿ, “ಒಳಗೆ ನೀರಿಲ್ಲ ಸಾರ್, ಧೈರ್ಯವಾಗಿ ತಗೊಳ್ಳಿ” ಎಂದ.

ಎಲ್ಲಕ್ಕಿಂತ ಕಪ್ಪಗಿದ್ದುದನ್ನು ಆರಿಸಿ ತಂದೆ. ಕಪ್ಪಗಿದ್ದಷ್ಟೂ ಗೋಧಿ ಜಾಸ್ತಿ ಎಂದು ನನ್ನ ಲೆಕ್ಕ. ಬೇಡ ಬೇಡವೆನ್ನುತ್ತಲೇ ಅಮ್ಮ ಒಂದು ಚೂರು ಬಾಯಿಗಿಟ್ಟುಕೊಂಡಳು. “ಸಿಹಿಯಾಗಿದೆ ಕಣೋ, ಪರವಾಗಿಲ್ಲ” ಎಂದಳು. ಗೋಧಿಗೆ ಸಿಹಿ ಎಲ್ಲಿಂದ ಬಂತು? ಮಾರನೆಯ ದಿನ ರಂಗಣ್ಣನನ್ನು ಕೇಳಿದರೆ, “ಬಣ್ಣಕ್ಕೆ ಸಕ್ಕರೆ ಸುಟ್ಟು ಹಾಕಿರ್ತೀವಿ ಸಾರ್. ಕಪ್ಪಗಿದ್ರೆ ಜನ ಆರೋಗ್ಯ ಅಂತಾರೆ” ಎಂದು ನಕ್ಕ. ಸಕ್ಕರೆ ಕಾಯಿಲೆಯ ತಾಯಿಗೆ ಊರೆಲ್ಲ ಹುಡುಕಿ ಸಕ್ಕರೆ ತಂದುಕೊಟ್ಟ ಮಗ ನಾನು! ಪ್ರಾಯಶ್ಚಿತ್ತವೆಂಬಂತೆ ವಿಜಯನಗರದ ಇನ್ನೊಂದು ಅಂಗಡಿಯಿಂದ ಒರಟಾದದ್ದೊಂದನ್ನು ತಂದೆ.

“ಇದೇನೋ, ಬಾಯಲ್ಲಿ ಚುಚ್ಚುತ್ತೆ?”

“ಗೋಧಿ ಬೂಸಾ ಅಮ್ಮ, ಅದೇ ಒಳ್ಳೇದಂತೆ.”

“ಬೂಸಾನಾ! ಇನ್ನೊಂದು ಹಗ್ಗಾನೂ ತಂದು ನನ್ನ ಹಿತ್ಲಲ್ಲಿ ಕಟ್ಟಾಕ್ಬಿಡು!”

ನನ್ನ ಹೆಂಡತಿ ಶಾರದ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆ ರಾತ್ರಿ ಅಮ್ಮ ಎರಡು ಸಲ ಅನ್ನ ಬಡಿಸಿಕೊಂಡಳು.

ಅಷ್ಟಕ್ಕೇ ಬಿಡುವವನಲ್ಲ ನಾನು. ಬೇಕರಿಗಳಲ್ಲಿ ನಿಂತು ನಿಂತು ಕಲಿತೆ. ಬಣ್ಣ ನೋಡಬಾರದು, ಯಾವ ಹಿಟ್ಟೆಂದು ಕೇಳಬೇಕು. ಗಾತ್ರಕ್ಕೆ ತಕ್ಕ ಭಾರ ಕೈಗೆ ಸಿಗಬೇಕು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಅದು ಬೇಸರವಿಲ್ಲದೆ ಮೇಲೆದ್ದು ಬರಬೇಕು. ಮೂಗಿಗೆ ಹುಳಿ ಬಡಿಯದೆ ಹುರಿದ ಗೋಧಿಯ ವಾಸನೆ ಬರಬೇಕು. ಇಷ್ಟೂ ಗುಣಗಳಿದ್ದ ಬ್ರೆಡ್ಡು ಕೊನೆಗೆ ಸಿಕ್ಕಿದ್ದು ರಂಗಣ್ಣನ ಹತ್ತಿರವೇ, ಗಾಜಿನ ಬೀರುವಿನ ಕೆಳಗಿನ ಸಾಲಿನಲ್ಲಿ. ಬಣ್ಣವಿಲ್ಲದ್ದರಿಂದ ಯಾರೂ ಕೇಳದೆ ಕೂತಿತ್ತು. ಶಾರದ ಅದನ್ನು ದೋಸೆ ಕಾವಲಿಯ ಮೇಲೆ ಗರಿಗರಿ ಮಾಡಿ, ಪುದೀನ ಚಟ್ನಿ ಹಚ್ಚಿ ಕೊಟ್ಟಳು. ನಾನು ಪೇಪರು ಹಿಡಿದುಕೊಂಡು ಓದದೆ ಕೂತಿದ್ದೆ. ಅಮ್ಮ ಒಂದು ಮುಗಿಸಿ ತಟ್ಟೆ ಮುಂದಕ್ಕೆ ತಳ್ಳಿ, “ಶಾರದಾ, ಇನ್ನೊಂದು ಹಾಕೇ” ಎಂದಳು. ಪ್ರಮೋಷನ್ ಆರ್ಡರು ಕೈಗೆ ಬಂದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ದಿನವೂ ನಮ್ಮ ಮನೆಯೊಳಗೆ ಬ್ರೆಡ್ಡು ಹೋಗುವುದನ್ನು ನೋಡಿ ಎದುರುಮನೆಯ ಜಯಮ್ಮ ಒಂದು ಭಾನುವಾರ ಮೂಸಂಬಿ ಹಿಡಿದುಕೊಂಡು ಬಂದೇಬಿಟ್ಟರು. “ಅಜ್ಜೀ, ಹೆಂಗಿದೀರಾ? ಮಲಗೇ ಇರ್ತೀರಾ?” ಎಂದು ದನಿ ತಗ್ಗಿಸಿ ಕೇಳಿದರು. ಬಚ್ಚಲಿನಿಂದ ಬಟ್ಟೆ ಹಿಂಡಿಕೊಂಡು ಬಂದ ಅಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. “ನಂಗೇನಾಗಿದೆಯೇ? ಗುಂಡುಕಲ್ಲು ಇದ್ದಂಗಿದೀನಿ. ನನ್ ಮಗ ಆರ್ಸಿ ಆರ್ಸಿ ತರ್ತಾನೆ, ರುಚಿಯಾಗಿರುತ್ತೆ, ತಿಂತೀನಿ. ನಿನ್ ಗಂಡಂಗೆ ಬರುತ್ತಾ ಹಿಂಗ್ ಆರ್ಸೋಕೆ?” ಹುಟ್ಟಿದಾಗಿನಿಂದ ಅಮ್ಮನ ಬಾಯಲ್ಲಿ ನನ್ನ ಬಗ್ಗೆ ಇಂಥ ಮಾತು ಕೇಳಿರಲಿಲ್ಲ. ಆಮೇಲೆ ಕೆಲವು ದಿನ ಬೀದಿಯಲ್ಲಿ ಬ್ರೆಡ್ಡನ್ನು ಎಲ್ಲರಿಗೂ ಕಾಣುವ ಹಾಗೆಯೇ ಹಿಡಿದು ನಡೆದೆ.

ಮೊನ್ನೆ ಆಫೀಸಿನಲ್ಲಿ ಆಡಿಟ್ಟು. ಬಸ್ಸಿಳಿಯುವ ಹೊತ್ತಿಗೆ ಬೇಕರಿಯ ಬಾಗಿಲು ಹಾಕಿತ್ತು. ಅಮ್ಮ ಅನ್ನಕ್ಕೆ ಕೂತಿರುತ್ತಾಳೆ ಎಂದು ಓಡೋಡಿ ಬಂದರೆ ಅವಳ ತಟ್ಟೆಯಲ್ಲಿ ಬ್ರೆಡ್ಡು! “ಇವತ್ತಿಂದು ಎಲ್ಲಕ್ಕಿಂತ ಚೆನ್ನಾಗಿದೆ ಕಣೋ. ಕೈ ಪಳಗಿದೆ ನಿಂಗೆ” ಎಂದಳು. ಅಡುಗೆಮನೆಗೆ ಹೋಗಿ ಶಾರದಳನ್ನು ಪಿಸುಗುಟ್ಟಿ ಕೇಳಿದೆ.

“ಹೂವು ತರೋಕೆ ಹೋಗಿದ್ನಲ್ಲ, ಹಂಗೇ ಗೋಧಿದೊಂದು ಕೊಡಿ ಅಂದೆ, ಕೊಟ್ರು. ಬೆಳಿಗ್ಗೇನೇ ನೀವು ತಂದಿಟ್ಟಿದ್ದು ಅಂದ್ಕೊಂಡಿದಾರೆ ಅತ್ತೆ.”

“ಒತ್ತಿ ನೋಡಿದ್ಯಾ?”

“ಬ್ರೆಡ್‌ನ ಯಾಕ್ರೀ ಒತ್ತಬೇಕು?”

ಅಷ್ಟರಲ್ಲಿ ಹೊರಗಿನಿಂದ ಅಮ್ಮ, “ಎಲ್ಲಿ ಹುಡುಕಿದ್ಯೋ ಇದನ್ನ?” ಎಂದು ಕೂಗಿದಳು. ಶಾರದ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ನಿಧಾನವಾಗಿ ಕೈಕಾಲು ತೊಳೆದು, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಬಂದೆ.

“ಇವತ್ತು ಸ್ವಲ್ಪ ಕಷ್ಟಾನೇ ಆಯ್ತಮ್ಮ” ಎಂದೆ.