ಯಜಮಾನರ ಮನೆಗೆ ಬಂದವರು

ಸ್ಮಾರಕ ಕಾಯುವವನಿಗೆ ನಗು ಎಲ್ಲಿಂದ ಬರಬೇಕು ಅನ್ನುವವರು ಒಂದು ದಿನ ನನ್ನ ಜೊತೆ ಕಟ್ಟೆಯ ಮೇಲೆ ಕೂತು ನೋಡಬೇಕು. ಕೊಟ್ಟೂರು ಹತ್ತಿರದ ನಮ್ಮೂರಲ್ಲಿ, ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋಗಿಬಂದ ಯಜಮಾನರ ಮಣ್ಣಿನ ಮಾಳಿಗೆ ಮನೆ ಇದೆ. ಅವರು ತೀರಿಕೊಂಡ ಮೇಲೆ ಅದೇ ಸ್ಮಾರಕವಾಗಿದೆ. ಅವರ ಫೋಟೋ, ಚರಕ, ಮಂಚ ಹಾಗೇ ಇವೆ. ಅವನ್ನು ಕಾಯುವುದು ನನ್ನ ಕೆಲಸ. ನನಗೆ ಅನ್ನ ಕೊಟ್ಟ ಮನೆ ಅದು.

ಕಾಯಿ

ಕೋಗಳಿಯಿಂದ ಬಂದ ಅಜ್ಜಿಯೊಬ್ಬಳು ಫೋಟೋಕ್ಕೆ ವಿಭೂತಿ ಹಚ್ಚಿ, ತೆಂಗಿನಕಾಯಿ ನನ್ನ ಕೈಗಿಟ್ಟು, "ಒಡಿಯಪ್ಪಾ" ಅಂದಳು.

"ಅಜ್ಜಿ, ಇವ್ರು ದೇವ್ರಲ್ಲ, ಲೀಡರು."

"ದೇವ್ರು ನನ್ನ ಸಲುವಾಗಿ ಯಾವತ್ತರ ಜೈಲಿಗೆ ಹೋಗ್ಯಾನೇನು? ಇವ್ರು ಹೋಗ್ಯಾರ. ಸುಮ್ನ ಒಡಿ!"

ಒಡೆದೆ. ಅರ್ಧ ಹೋಳು ನನಗೇ ಬಂತು.

ಮಂಚ

'ಮುಟ್ಟಬೇಡಿ' ಅಂತ ಬೋರ್ಡ್ ಇದ್ದರೂ, ಬಿಸಿಲು ತಾಳದೆ ಒಳಗೆ ಬಂದ ಕುರಿ ಕಾಯುವ ಮುದುಕ ಮಂಚದ ಮೇಲೆ ಕಾಲು ಚಾಚಿಬಿಟ್ಟ.

"ತಾತಾ, ಏಳ್ರಿ."

"ಇದ ಮಂಚದ ಮ್ಯಾಲ ನಮ್ಮಪ್ಪನ್ನ ಕುಂದ್ರಿಸಿ ಉಣಿಸ್ಯಾರ ಯಜಮಾನ್ರು. ಅವ್ರು ಏಳು ಅಂದ್ರ ಏಳ್ತೀನಿ. ನೀ ಯಾರು?"

ನಾನೂ ಒಂದು ಗಳಿಗೆ ಫೋಟೋ ಕಡೆ ನೋಡಿದೆ. ಅವರು ಏನೂ ಅನ್ನಲಿಲ್ಲ. ಕೊನೆಗೆ ನಮ್ಮ ಮನೆಯಿಂದ ತಲೆದಿಂಬು ತಂದುಕೊಟ್ಟೆ.

ಸಾಹೇಬರು

ಜನ ಬರದ ಸ್ಮಾರಕಕ್ಕೆ ಬೀಗ ಹಾಕಿ, ಸಾಮಾನೆಲ್ಲ ಜಿಲ್ಲಾ ಕೇಂದ್ರಕ್ಕೆ ಒಯ್ಯುತ್ತಾರೆ ಅಂತ ಸುದ್ದಿ ಬಂತು. ಪರೀಕ್ಷಿಸಲು ಇಲಾಖೆಯ ಸಾಹೇಬರು ಬರುವವರಿದ್ದರು. ಓಣಿಯವರ ಕೈಕಾಲು ಹಿಡಿದು, "ನೋಡಾಕ ಬಂದೋರ ಹಾಂಗ ಬಂದು ನಿಂದರ್ರಿ" ಅಂದೆ.

ಎಲ್ಲರೂ ಬಂದರು. ಆದರೆ ಯಜಮಾನರ ಮನೆಯಲ್ಲಿ ಸುಮ್ಮನೆ ನಿಂತು ಯಾರಿಗೂ ರೂಢಿಯಿಲ್ಲ. ಒಬ್ಬಾಕೆ ಕಸ ಹೊಡೆದಳು. ಇನ್ನೊಬ್ಬಾಕೆ ಹೊಸ್ತಿಲು ತೊಳೆದು ರಂಗೋಲಿ ಹಾಕಿದಳು. ಪಕ್ಕದ ಮನೆ ಅಜ್ಜಿ ಎಂದಿನಂತೆ ಮಾಳಿಗೆ ಹತ್ತಿ ಸಂಡಿಗೆ ಹಾಕತೊಡಗಿದಳು. ಸಾಹೇಬರು ಕಾಲಿಟ್ಟ ಕೂಡಲೇ "ಬರ್ರಿ, ಕುಂದರ್ರಿ" ಅಂತ ಚಾಪೆ ಹಾಸಿ, ಮಂಡಕ್ಕಿ-ಮಿರ್ಚಿ ಮುಂದಿಟ್ಟರು.

ಸಾಹೇಬರು ಸುತ್ತ ನೋಡಿ, "ಇಲ್ಲಿ ಸ್ಮಾರಕ ನೋಡೋಕೆ ಬಂದವರು ಯಾರು?" ಅಂದರು.

ಎಲ್ಲರೂ ಅವರ ಕಡೆಯೇ ಕೈ ತೋರಿಸಿದರು. "ನೀವೊಬ್ರ ನೋಡ್ರಿ! ನಾವೆಲ್ಲ ಮನಿ ಮಂದಿ."

ಮುಗೀತು ನನ್ನ ಕಥೆ ಅಂದುಕೊಂಡು, "ಬೀಗ ಹಾಕ್ತೀರೇನ್ರಿ?" ಅಂತ ಕೇಳೇಬಿಟ್ಟೆ. ಸಾಹೇಬರು ಬಾಯಿ ತೆರೆಯುವ ಮೊದಲೇ ಮಾಳಿಗೆಯಿಂದ ಅಜ್ಜಿ ಕೂಗಿದಳು:

"ಹಾಕೋದಿದ್ರ ನಾಕು ದಿನ ಬಿಟ್ಟು ಬರ್ರಿ. ಸಂಡಿಗಿ ಇನ್ನಾ ಹಸಿ ಅದಾವ!"

ಸಾಹೇಬರು ಬಿದ್ದುಬಿದ್ದು ನಕ್ಕರು. "ಮನೆಯವರು ಇಷ್ಟು ಜನ ಇರೋವಾಗ ಬೀಗ ಹೇಗ್ರೀ ಹಾಕೋದು?" ಅಂದರು. ನನ್ನ ಕಣ್ಣಲ್ಲಿ ನೀರು ಬಂತು. ಆ ಓಣಿಯ ಋಣ ನಾನು ತೀರಿಸಲಾರೆ.

ನಾಲ್ಕು ದಿನ ಬಿಟ್ಟು ಸಾಹೇಬರು ಬಂದೇ ಬಂದರು. ಬೀಗ ತಂದಿರಲಿಲ್ಲ, ಸಂಡಿಗೆಗೆ ಡಬ್ಬಿ ತಂದಿದ್ದರು.